ಘಟ್ಟದಿಂದ 112ಕ್ಕೆ ಕರೆ: ಜಾಗ ತಿಳಿಸುವ ದಾರಿಗಳ ಹೋಲಿಕೆ

ತೋಟದಲ್ಲಿ ಯಾರೋ ಮರದಿಂದ ಬಿದ್ದಿದ್ದಾರೆ, ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಹೋಗಿದೆ. 'ಎಲ್ಲಿದ್ದೀರಿ?' ಎಂಬ ಪ್ರಶ್ನೆಗೆ ಉತ್ತರ ಕೊಡುವ ದಾರಿಗಳನ್ನು ಹೋಲಿಸಿದ್ದೇವೆ. ಪರೀಕ್ಷೆಯ ಕರೆಗಳೆಲ್ಲ ಗೆಳೆಯರ ನಂಬರಿಗೆ. 112ಕ್ಕೆ ಸುಮ್ಮನೆ ಕರೆ ಮಾಡಬಾರದು.

ಫೋನು ಹಿಡಿದ ಮೊಬೈಲ್ ಟವರನ್ನಷ್ಟೇ ನೆಚ್ಚಿ ಜಾಗ ಊಹಿಸಿದರೆ ಪೇಟೆಯಲ್ಲಿ ಕೆಲವು ನೂರು ಮೀಟರ್, ಹಳ್ಳಿಯಲ್ಲಿ ಹಲವು ಕಿಲೋಮೀಟರ್ ವ್ಯತ್ಯಾಸ. ಕಣಿವೆಯಲ್ಲಿ ಫೋನು ಆಚೆ ಗುಡ್ಡದ ಟವರ್ ಹಿಡಿದುಬಿಡುತ್ತದೆ.

ಆಂಡ್ರಾಯ್ಡ್‌ನ ಇಎಲ್‌ಎಸ್‌ನಲ್ಲಿ (ತುರ್ತು ಕರೆಯ ಜಾಗ ತಿಳಿಸುವ ಸೇವೆ) ಕರೆ ಮಾಡಿದೊಡನೆ ಫೋನೇ ಜಿಪಿಎಸ್, ವೈಫೈ, ಟವರ್ ಮೂರನ್ನೂ ಸೇರಿಸಿ ಜಾಗ ಕಳಿಸುತ್ತದೆ, ಆ್ಯಪ್ ಬೇಡ. ಇದಕ್ಕೆ ಸಾಟಿಯಿಲ್ಲ. ಆದರೆ ಆಯಾ ರಾಜ್ಯದ 112 ಕೇಂದ್ರ ಅದನ್ನು ಸ್ವೀಕರಿಸುವಂತಿರಬೇಕು. ಭಾರತದಲ್ಲಿ ಮೊದಲು ಶುರುವಾದದ್ದು ಉತ್ತರ ಪ್ರದೇಶದಲ್ಲಿ.

ವಾಟ್ಸಾಪ್ ಲೊಕೇಶನ್ ಮನೆಯವರಿಗೆ ಸರಿ. ಡೇಟಾ ಇಲ್ಲದಿದ್ದರೆ ಹೋಗದು. 'ಇಷ್ಟು ಮೀಟರ್ ನಿಖರ' ಎಂಬ ಅಂಕಿ ಇಳಿಯುವವರೆಗೆ ಕಾದು ಕಳಿಸಿ.

ಘಟ್ಟದಲ್ಲಿ ನಮ್ಮ ಮೊದಲ ಆಯ್ಕೆ ಅಕ್ಷಾಂಶ-ರೇಖಾಂಶವನ್ನು ಬಾಯಲ್ಲಿ ಓದಿ ಹೇಳುವುದು. ಮಾತು ಕೇಳುವಷ್ಟು ಸಿಗ್ನಲ್ ಇದ್ದರೆ ಸಾಕು. ಗೂಗಲ್ ಮ್ಯಾಪ್ಸ್‌ನಲ್ಲಿ ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಹುಡುಕುವ ಪಟ್ಟಿಯಲ್ಲಿ ಎರಡು ಸಂಖ್ಯೆ ಬರುತ್ತವೆ. ದಶಾಂಶದ ನಂತರ ನಾಲ್ಕು ಅಂಕಿ ಹೇಳಿದರೆ ಸುಮಾರು 11 ಮೀಟರಿನೊಳಗೆ ಸಿಗುತ್ತೀರಿ. ಒಂದೊಂದೇ ಅಂಕಿ ಹೇಳಿ, ಅವರಿಂದ ತಿರುಗಿ ಓದಿಸಿ. ಕರ್ನಾಟಕದಲ್ಲಿ ಮೊದಲ ಸಂಖ್ಯೆ 11ರಿಂದ 18, ಎರಡನೆಯದು 74ರಿಂದ 78ರಲ್ಲಿ ಶುರುವಾಗಬೇಕು. ಅದಲುಬದಲಾದರೆ ತಕ್ಷಣ ಗೊತ್ತಾಗುತ್ತದೆ. ಐಫೋನಿನ ಕಂಪಾಸ್ ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ತೋರಿಸುತ್ತದೆ. 12 ಡಿಗ್ರಿ 40 ನಿಮಿಷವನ್ನು 12.40 ಎಂದು ಬರೆದುಕೊಂಡರೆ ಆಂಬುಲೆನ್ಸ್ ಸುಮಾರು 30 ಕಿ.ಮೀ. ದೂರ ಹೋಗುತ್ತದೆ! ಹಾಗಾಗಿ 'ಡಿಗ್ರಿ', 'ನಿಮಿಷ' ಎಂಬ ಪದ ಬಿಡಲೇಬೇಡಿ.

ಪ್ಲಸ್ ಕೋಡ್, ಅಂದರೆ ಗೂಗಲ್ ಮ್ಯಾಪ್ಸ್ ತೋರಿಸುವ ಅಕ್ಷರ-ಅಂಕಿಗಳ ವಿಳಾಸ, ಚಿಕ್ಕದು, ಸುಮಾರು 14 ಮೀಟರ್ ಚೌಕ ತೋರಿಸುತ್ತದೆ. ಸ್ವರಾಕ್ಷರಗಳಿಲ್ಲ, ಬಿ-ಡಿ ಗೊಂದಲವೂ ಇಲ್ಲ. ಸಿ-ಜಿ ಮಾತ್ರ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಜೊತೆಗಿರುವ ಊರಿನ ಹೆಸರು ಹೇಳದಿದ್ದರೆ ಚಿಕ್ಕ ಕೋಡಿಗೆ ಅರ್ಥವಿಲ್ಲ.

ಈ ಎರಡಕ್ಕೂ ಜಿಪಿಎಸ್ ಬೇಕು. ಡೇಟಾ ಇಲ್ಲದೆ ಅದು ಎಚ್ಚರಗೊಳ್ಳಲು ಬಯಲಲ್ಲೇ ಅರ್ಧ ನಿಮಿಷವಾದರೂ ಹಿಡಿಯುತ್ತದೆ, ದಟ್ಟ ಮರದಡಿ ಇನ್ನೂ ಹೆಚ್ಚು. ಒಬ್ಬರು ಗಾಯಾಳುವಿನ ಬಳಿ ಇರಲಿ, ಇನ್ನೊಬ್ಬರು ಫೋನು ಹಿಡಿದು ಆಕಾಶ ಕಾಣುವ ಜಾಗಕ್ಕೆ ಹೋಗಲಿ. ಸಂಖ್ಯೆ ಕೊಟ್ಟ ಮೇಲೂ ಗಾಡಿ ಯಾವ ಗೇಟಿನವರೆಗೆ ಬರುತ್ತದೆ, ಅಲ್ಲಿ ಯಾರು ನಿಂತಿರುತ್ತಾರೆ ಎಂದು ಹೇಳಿ.