ಎರಡು ಅಡಿ ಟ್ಯಾಂಕಿನ ಗಿಡಗಳಿಗೆ 30 ವ್ಯಾಟ್‌ನ ಫ್ಲಡ್ ಲೈಟ್: ದೀರ್ಘಕಾಲದ ಬಳಕೆಯ ನಂತರದ ವಿಮರ್ಶೆ

ಮನೆಯ ಅಕ್ವೇರಿಯಂನಲ್ಲಿ ಜೀವಂತ ಗಿಡಗಳನ್ನು ಬೆಳೆಸಬೇಕೆಂದು ಹೊರಟವರು ಹೆಚ್ಚಾಗಿ ಹಿಂದೇಟು ಹಾಕುವುದು ದೀಪದ ಬೆಲೆ ಕೇಳಿದ ಮೇಲೆ. ಗಿಡಗಳಿಗೆಂದೇ ತಯಾರಾದ ಹೆಸರಾಂತ ಕಂಪನಿಗಳ ಎಲ್‌ಇಡಿ ದೀಪಗಳು ಎರಡು ಅಡಿ ಉದ್ದದ ಟ್ಯಾಂಕಿಗೂ ಹಲವು ಸಾವಿರ ರೂಪಾಯಿ ಬೇಡುತ್ತವೆ. ಟ್ಯಾಂಕು, ಫಿಲ್ಟರು, ಮಣ್ಣು, ಗಿಡ, ಮೀನು ಎಲ್ಲವನ್ನೂ ಕೂಡಿಸಿದರೂ ಕೆಲವೊಮ್ಮೆ ಅಷ್ಟು ಖರ್ಚಾಗುವುದಿಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿರುವ ಟ್ಯಾಂಕಿಗೆ ನಾನು ಆರಿಸಿಕೊಂಡದ್ದು ಮನೆಯ ಗೇಟಿಗೆ, ಅಂಗಡಿಯ ನಾಮಫಲಕಕ್ಕೆ ಹಾಕುವ ಸಾಮಾನ್ಯ 30 ವ್ಯಾಟ್‌ನ ಎಲ್‌ಇಡಿ ಫ್ಲಡ್ ಲೈಟ್. ಅದು ಈಗ ನಾಲ್ಕನೆಯ ವರ್ಷದಲ್ಲಿ ಉರಿಯುತ್ತಿದೆ. ಇಷ್ಟು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಗಿಡ ಬೆಳೆಸಲು ಬೇಕಾದ ಬೆಳಕು ಈ ದೀಪದಲ್ಲಿ ಧಾರಾಳವಾಗಿದೆ, ಬಳಸುವವರು ಶ್ರಮ ಹಾಕಬೇಕಾದದ್ದು ಆ ಬೆಳಕನ್ನು ಹದದಲ್ಲಿಡಲು.

ನಮ್ಮ ಟ್ಯಾಂಕು ಎರಡು ಅಡಿ ಉದ್ದ, ಒಂದು ಅಡಿ ಅಗಲ, 15 ಅಂಗುಲ ಎತ್ತರದ್ದು. ತಳದ ಮಣ್ಣು, ಮರದ ತುಂಡು, ಮೇಲೆ ಬಿಟ್ಟ ಜಾಗ ಕಳೆದರೆ ಅದರಲ್ಲಿ ನಿಲ್ಲುವ ನೀರು ಸುಮಾರು 60 ಲೀಟರ್. ದೀಪದ ಡಬ್ಬಿಯ ಮೇಲೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಇದು ತಂಪು ಬಿಳುಪು), 3000 ಲ್ಯೂಮೆನ್ (ಬೆಳಕಿನ ಪ್ರಮಾಣ), ಬೆಳಕು ಹರಡುವ ಕೋನ 120 ಡಿಗ್ರಿ, ಐಪಿ 65 (ದೂಳು, ನೀರು ಒಳಹೋಗದಂತೆ ಇರುವ ರಕ್ಷಣೆಯ ದರ್ಜೆ) ಎಂದು ಮುದ್ರಿಸಿತ್ತು. ಕೊಂಡಾಗ ಅದಕ್ಕೆ ಸಾವಿರ ರೂಪಾಯಿಯೂ ಆಗಿರಲಿಲ್ಲ. ಗೋಡೆಗೆ ಶೆಲ್ಫಿನ ಕಬ್ಬಿಣದ ಬ್ರಾಕೆಟ್ ಹೊಡೆಸಿ, ದೀಪದ ಜೊತೆಗೇ ಬರುವ ಯು ಆಕಾರದ ಕ್ಲಾಂಪನ್ನು ಅದಕ್ಕೆ ಬೋಲ್ಟ್ ಮಾಡಿ, ಬೆಳಕು ನೇರವಾಗಿ ಕೆಳಗೆ ಬೀಳುವಂತೆ ತೂಗುಹಾಕಿದ್ದೇನೆ.

ಗೇಟಿನ ದೀಪದಿಂದ ಗಿಡ ಬೆಳೆಯುತ್ತದೆಯೇ ಎಂಬ ಪ್ರಶ್ನೆಯನ್ನು ಈ ಹವ್ಯಾಸಕ್ಕೆ ಹೊಸಬರು ಕೇಳುತ್ತಲೇ ಇರುತ್ತಾರೆ. ಬಿಳಿ ಎಲ್‌ಇಡಿ ಎಂದರೆ ಒಳಗೆ ಸುಮಾರು 450 ನ್ಯಾನೊಮೀಟರ್‌ನ ನೀಲಿ ಬೆಳಕು ಸೂಸುವ ಚಿಪ್, ಅದರ ಮೇಲೆ ಫಾಸ್ಫರ್ ಲೇಪನ. ನೀಲಿಯ ಒಂದು ಪಾಲು ಹಾಗೆಯೇ ಹೊರಬರುತ್ತದೆ, ಉಳಿದ ಪಾಲನ್ನು ಲೇಪನವು ಹಸಿರು, ಹಳದಿ, ಕೆಂಪಿಗೆ ತಿರುಗಿಸುತ್ತದೆ. ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವುದು 400ರಿಂದ 700 ನ್ಯಾನೊಮೀಟರ್ ನಡುವಿನ ಬೆಳಕು, ಅದರಲ್ಲೂ ಹರಿತ್ತು ಹೆಚ್ಚಾಗಿ ಹೀರುವುದು ನೀಲಿ ಮತ್ತು ಕೆಂಪನ್ನು. ಇವೆರಡೂ 6500 ಕೆಲ್ವಿನ್ ದೀಪದಲ್ಲಿ ಸಾಕಷ್ಟು ಇರುತ್ತವೆ. ಲ್ಯೂಮೆನ್ ಎನ್ನುವುದು ಮನುಷ್ಯನ ಕಣ್ಣಿಗೆ ತಕ್ಕಂತೆ, ಹಸಿರಿಗೆ ಹೆಚ್ಚು ತೂಕ ಕೊಟ್ಟು ಅಳೆದ ಮಾನವೇ ಹೊರತು ಗಿಡದ ಅಳತೆಗೋಲಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ಒಂದೇ ಬಣ್ಣದ ಎರಡು ಬಿಳಿ ದೀಪಗಳನ್ನು ಹೋಲಿಸಿ ನೋಡಲು ಅದು ಧಾರಾಳವಾಗಿ ಸಾಲುತ್ತದೆ, ಅಂಗಡಿಯಲ್ಲಿ ನಿಂತವನಿಗೆ ಡಬ್ಬಿಯ ಮೇಲೆ ಬೆಳಕಿನ ಪ್ರಮಾಣ ತಿಳಿಸುವ ಅಂಕಿಯೂ ಅದೊಂದೇ.

ಇನ್ನು ಹದದ ಮಾತು. ಅನುಬಿಯಾಸ್, ಜಾವಾ ಫರ್ನ್‌ನಂಥ ಸುಲಭದ ಗಿಡಗಳಿಗೆ ಲೀಟರಿಗೆ 10ರಿಂದ 20 ಲ್ಯೂಮೆನ್, ನಡುಮಟ್ಟದವಕ್ಕೆ 20ರಿಂದ 40, ಅದಕ್ಕಿಂತ ಮೇಲಿನದು ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಇಟ್ಟುಕೊಂಡವರಿಗೆ ಎನ್ನುವುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. 60 ಲೀಟರಿಗೆ 3000 ಲ್ಯೂಮೆನ್ ಎಂದರೆ ಲೀಟರಿಗೆ 50. ನಮ್ಮಲ್ಲಿ ಸಿಲಿಂಡರ್ ಇಲ್ಲ, ಇಡುವ ಯೋಚನೆಯೂ ಇಲ್ಲ. ಬೆಳಕು ಹೆಚ್ಚಿದಂತೆ ಗಿಡಕ್ಕೆ ಇಂಗಾಲವೂ ಪೋಷಕಾಂಶವೂ ಅದೇ ಪ್ರಮಾಣದಲ್ಲಿ ಬೇಕಾಗುತ್ತದೆ. ಅವು ಸಿಗದಿದ್ದರೆ ಗಿಡದ ಬೆಳವಣಿಗೆ ಅಲ್ಲಿಗೇ ನಿಂತು, ಉಳಿದ ಬೆಳಕು ಪಾಚಿಯ ಪಾಲಾಗುತ್ತದೆ. ದೀಪವನ್ನು ನೀರಿನಿಂದ ಅರ್ಧ ಅಡಿ ಎತ್ತರದಲ್ಲಿ ಇಟ್ಟಿದ್ದಾಗ ಮುಂದಿನ ಗಾಜಿನ ಮೇಲೆ ವಾರದೊಳಗೆ ಹಸಿರು ಚುಕ್ಕೆಗಳು ಮೂಡುತ್ತಿದ್ದವು. ನಿಧಾನವಾಗಿ ಬೆಳೆಯುವ ಅನುಬಿಯಾಸ್‌ನ ಹಳೆಯ ಎಲೆಗಳ ಅಂಚಿನಲ್ಲಿ ಕಪ್ಪು ಕೂದಲಿನಂಥ ಪಾಚಿ ಕಟ್ಟುತ್ತಿತ್ತು, ಬೆರಳಿನಿಂದ ಉಜ್ಜಿದರೂ ಅದು ಬಿಡುತ್ತಿರಲಿಲ್ಲ. ಬ್ರಾಕೆಟ್ಟನ್ನು ಒಂದೂಕಾಲು ಅಡಿಗೆ ಏರಿಸಿದ ಮೇಲೆ ಹೊಸ ಎಲೆಗಳು ಸ್ವಚ್ಛವಾಗಿ ಬಂದವು. ಎತ್ತರಿಸಿದಾಗ ಬೆಳಕಿನ ಒಂದು ಪಾಲು ಟ್ಯಾಂಕಿನ ಆಚೆ ಚೆಲ್ಲುತ್ತದೆ, ನಿಜ. ಆದರೆ ನೀರಿನೊಳಗೆ ಬೀಳುವ ಬೆಳಕು ಮೂಲೆಯಿಂದ ಮೂಲೆಗೆ ಸಮನಾಗಿ ಹರಡಿ, ನಡುವೆ ಪ್ರಖರ, ಬದಿಗಳಲ್ಲಿ ಮಂಕು ಎಂಬ ಫ್ಲಡ್ ಲೈಟಿನ ಸಹಜ ದೋಷವೂ ಕಡಿಮೆಯಾಗುತ್ತದೆ.

ಬೆಳಕನ್ನು ತಗ್ಗಿಸಲು ನಮ್ಮ ಕಡೆ ಇನ್ನೊಂದು ಉಪಾಯವಿದೆ. ಕೆರೆ, ನಾಲೆಗಳಲ್ಲಿ ತೇಲುವ ಅಂತರಗಂಗೆಯ ಪುಟ್ಟ ಸಸಿಗಳನ್ನು ನೀರಿನ ಮೇಲೆ ಬಿಟ್ಟರೆ ಅವೇ ನೆರಳಾಗುತ್ತವೆ. ಎಲೆಗಳು ಗಾಳಿಯಲ್ಲಿರುವುದರಿಂದ ಅವಕ್ಕೆ ಇಂಗಾಲದ ಕೊರತೆಯೂ ಇಲ್ಲ, ನೀರಿನಲ್ಲಿರುವ ನೈಟ್ರೇಟನ್ನು ಅವು ಬೇಗ ಹೀರಿಕೊಳ್ಳುತ್ತವೆ. ಆದರೆ ವಾರಕ್ಕೊಮ್ಮೆ ಅರ್ಧದಷ್ಟನ್ನು ತೆಗೆದು ಎಸೆಯದಿದ್ದರೆ ಕೆಳಗಿನ ಗಿಡಗಳಿಗೆ ಕತ್ತಲೆ ಕವಿಯುತ್ತದೆ. ತೆಗೆದದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಕು, ಮೋರಿಗೋ ಕೆರೆಗೋ ಬಿಡಬಾರದು.

ಈ ದೀಪದಡಿ ಯಾವ ಗಿಡ ಹೇಗೆ ಬಂತು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದೀಪದ ನಿಜವಾದ ಪರೀಕ್ಷೆ ಅದೇ. ನಮ್ಮ ನಾಡಿನ ನೀರಿನಲ್ಲೇ ಹುಟ್ಟಿ ಬೆಳೆಯುವ ವ್ಯಾಲಿಸ್ನೇರಿಯಾ ಮೊದಲ ತಿಂಗಳು ಸುಮ್ಮನಿದ್ದು, ಆಮೇಲೆ ಮಣ್ಣಿನಡಿಯಲ್ಲಿ ಕುಡಿಗಳನ್ನು ಓಡಿಸಿ ಹಿಂದಿನ ಗಾಜನ್ನು ಪೂರ್ತಿ ಮುಚ್ಚಿತು. ಈಗ ಅದರ ಎಲೆಗಳು ನೀರಿನ ಮೇಲ್ಮೈಯಲ್ಲಿ ಮಡಚಿಕೊಂಡು ತೇಲುತ್ತವೆ. ಭಾರತದ್ದೇ ಆದ ಹೈಗ್ರೋಫಿಲಾ ಪಾಲಿಸ್ಪರ್ಮಾವನ್ನು ಹದಿನೈದು ದಿನಕ್ಕೊಮ್ಮೆ ಕತ್ತರಿಸಬೇಕಾಗುತ್ತದೆ, ಕತ್ತರಿಸಿದ ತುದಿಯನ್ನು ಮಣ್ಣಿಗೆ ಚುಚ್ಚಿದರೆ ಅದೇ ಹೊಸ ಗಿಡ. ಕ್ರಿಪ್ಟೊಕೊರೈನ್ ವೆಂಡ್ಟಿ ನೆಟ್ಟ ಹೊಸದರಲ್ಲಿ ಎಲ್ಲ ಎಲೆಗಳನ್ನೂ ಕೊಳೆಸಿಕೊಂಡಿತು. ಜಾಗ ಬದಲಾದಾಗ ಆ ಜಾತಿ ಮಾಡುವುದೇ ಹಾಗೆ, ದೀಪದ ತಪ್ಪೇನೂ ಇಲ್ಲ. ಬೇರನ್ನು ಕೀಳದೆ ಬಿಟ್ಟದ್ದರಿಂದ ಕೆಲವೇ ವಾರಗಳಲ್ಲಿ ಕಂದು ಛಾಯೆಯ ಹೊಸ ಎಲೆಗಳು ನೆಲಕ್ಕೆ ಒತ್ತಿದಂತೆ ಅಗಲವಾಗಿ ಹರಡಿದವು. ಹಾಗೆ ನೆಲಕ್ಕೆ ಅಂಟಿ ಬೆಳೆಯುವುದು ತಳದವರೆಗೆ ಬೆಳಕು ತಲುಪುತ್ತಿದೆ ಎನ್ನುವುದರ ಒಳ್ಳೆಯ ಗುರುತು. ಬೆಳಕು ಸಾಲದಿದ್ದರೆ ಗಿಡದ ಕಾಂಡ ಉದ್ದವಾಗಿ, ಎಲೆಯಿಂದ ಎಲೆಗೆ ಅಂತರ ಹೆಚ್ಚಿ, ಕೆಳಗಿನ ಎಲೆಗಳು ಉದುರುತ್ತವೆ.

ರೋಟಲಾ ರೊಟಂಡಿಫೋಲಿಯಾದ ವಿಷಯದಲ್ಲಿ ಮಾತ್ರ ಫಲ ಮಿಶ್ರ. ಗಿಡ ಒತ್ತಾಗಿ, ಆರೋಗ್ಯವಾಗಿ ಬೆಳೆಯುತ್ತದೆ. ನೀರು ಬದಲಿಸಿದ ದಿನ ದೀಪ ಹತ್ತಿ ಮೂರ್ನಾಲ್ಕು ಗಂಟೆ ಕಳೆದ ಮೇಲೆ ಅದರ ಸಣ್ಣ ಎಲೆಗಳ ಕೆಳಬದಿಯಲ್ಲಿ ಆಮ್ಲಜನಕದ ಗುಳ್ಳೆಗಳು ಸಾಸಿವೆಕಾಳಿನಂತೆ ಸಾಲಾಗಿ ಕೂತು ಒಂದೊಂದೇ ಮೇಲೇಳುತ್ತವೆ. ಆದರೆ ಚಿತ್ರಗಳಲ್ಲಿ ಕಾಣುವ ಗುಲಾಬಿ ಬಣ್ಣ ತುದಿಯ ನಾಲ್ಕಾರು ಎಲೆಗಳಿಗಷ್ಟೇ ಬಂದಿದೆ. ಇದಕ್ಕೆ ಅರ್ಧ ಕಾರಣ ಗಿಡ, ಅರ್ಧ ಕಾರಣ ನಮ್ಮ ಕಣ್ಣು. ಸಿಲಿಂಡರ್ ಇಲ್ಲದೆ, ತಗ್ಗಿಸಿದ ಬೆಳಕಿನಲ್ಲಿ ಗಿಡ ಹೆಚ್ಚು ಕೆಂಪಾಗುವುದಿಲ್ಲ. ಅದರ ಜೊತೆಗೆ ಫ್ಲಡ್ ಲೈಟಿನ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ಕಡಿಮೆಯಿರುವುದರಿಂದ ಇರುವ ಕೆಂಪೂ ಮಂಕಾಗಿ ಕಾಣುತ್ತದೆ. ನಿಯಾನ್ ಟೆಟ್ರಾ ಮೀನಿನ ಕೆಂಪು ಪಟ್ಟಿಯನ್ನು ನೋಡಿದರೆ ಈ ಕೊರತೆ ಕೂಡಲೇ ತಿಳಿಯುತ್ತದೆ. ದುಬಾರಿ ದೀಪಗಳು ತಮ್ಮ ಬೆಲೆಗೆ ನ್ಯಾಯ ಒದಗಿಸುವುದು ಇಲ್ಲಿಯೇ: ಕೆಂಪು, ಹಸಿರು, ನೀಲಿ ಚಿಪ್‌ಗಳನ್ನು ಬೇರೆ ಬೇರೆಯಾಗಿ ಜೋಡಿಸಿರುವುದರಿಂದ ಅವುಗಳಡಿ ಬಣ್ಣಗಳು ಎದ್ದು ಕಾಣುತ್ತವೆ. ಬಣ್ಣವೇ ಮುಖ್ಯ ಎನ್ನುವವರು ಆ ಹಣ ಖರ್ಚು ಮಾಡುವುದು ಸರಿ. ಹಸಿರು ಗಿಡಗಳ ಸೊಂಪು ಸಾಕು ಎನ್ನುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ದೀಪದಷ್ಟೇ ಮುಖ್ಯವಾದದ್ದು ಟೈಮರ್. ಗಿಡಕ್ಕೆ ದಿನಕ್ಕೆ ಆರರಿಂದ ಎಂಟು ಗಂಟೆ ಬೆಳಕು ಸಾಕು, ಅದು ಹಗಲೇ ಆಗಬೇಕೆಂದಿಲ್ಲ. ಕೆಲಸ ಮುಗಿಸಿ ಸಂಜೆ ಮನೆಗೆ ಬರುವವರು ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಇಟ್ಟುಕೊಂಡರೆ ಗಿಡವೂ ಬೆಳೆಯುತ್ತದೆ, ಕೂತು ನೋಡುವುದಕ್ಕೂ ಸಿಗುತ್ತದೆ. ನಾವು ಇಟ್ಟುಕೊಂಡಿರುವುದು ಹಾಗೆಯೇ. ಆದರೆ ಹಲ್ಲುಗಳನ್ನು ಒತ್ತಿ ಸಮಯ ಹೊಂದಿಸುವ ಅಗ್ಗದ ಟೈಮರ್ ಕರೆಂಟಿನಿಂದಲೇ ತಿರುಗುವುದರಿಂದ, ಕರೆಂಟು ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ಬೇಸಿಗೆಯ ಮಳೆಗಾಳಿಗೆ ಮರದ ಕೊಂಬೆ ಬಿದ್ದು ತಂತಿ ಹರಿಯುವ ದಿನಗಳಲ್ಲಿ ನಮ್ಮ ಬಡಾವಣೆಯಲ್ಲಿ ಗಂಟೆಗಟ್ಟಲೆ ಕರೆಂಟು ಇರುವುದಿಲ್ಲ. ಹಾಗಾದಾಗಲೆಲ್ಲ ದೀಪ ಹತ್ತುವ ಹೊತ್ತು ತಡವಾಗುತ್ತ ಹೋಗಿ, ಕೊನೆಗೆ ಮಧ್ಯರಾತ್ರಿಯಲ್ಲಿ ಟ್ಯಾಂಕು ಬೆಳಗುತ್ತಿರುತ್ತದೆ. ಒಳಗೆ ಸಣ್ಣ ಬ್ಯಾಟರಿಯಿರುವ ಡಿಜಿಟಲ್ ಟೈಮರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ಈ ತೊಂದರೆ ಇರುವುದಿಲ್ಲ. ದೀಪದಲ್ಲಿ ಉಳಿಸಿದ ಹಣದ ಮೊದಲ ಪಾಲು ಅದಕ್ಕೆ ಹೋಗಬೇಕು ಎಂದೇ ನನ್ನ ಸಲಹೆ.

ವಿದ್ಯುತ್ತಿನ ಖರ್ಚು ಹೆಚ್ಚೇನಲ್ಲ. 30 ವ್ಯಾಟ್ ದೀಪ ದಿನಕ್ಕೆ ಏಳು ಗಂಟೆ ಉರಿದರೆ ತಿಂಗಳಿಗೆ ಆರು ಯೂನಿಟ್ ದಾಟಿದಷ್ಟು, 50 ವ್ಯಾಟ್‌ನದಾದರೆ ಹತ್ತೂವರೆ. ಗೃಹಜ್ಯೋತಿ ಯೋಜನೆಯಲ್ಲಿ ಹಳೆಯ ಸರಾಸರಿ ಬಳಕೆಗೆ ಸ್ವಲ್ಪವೇ ಹೆಚ್ಚುವರಿ ಸೇರಿಸಿ ಉಚಿತ ಮಿತಿಯನ್ನು ಗೊತ್ತುಮಾಡಿರುವುದರಿಂದ, ಆ ಮಿತಿಯ ಅಂಚಿನಲ್ಲಿರುವ ಮನೆಗಳವರು ಈ ವ್ಯತ್ಯಾಸವನ್ನೂ ಗಮನಿಸಬೇಕಾಗುತ್ತದೆ. ಶಾಖದ ವಿಷಯದಲ್ಲಿ ಚಿಂತೆಯಿಲ್ಲ. ಅಲ್ಯೂಮಿನಿಯಂ ಕವಚದ ಹಿಂಬದಿ ಬಿಸಿಯಾಗುತ್ತದೆ, ಆದರೆ ಅಷ್ಟು ಎತ್ತರದಿಂದ ನೀರಿಗೆ ತಾಗುವುದಿಲ್ಲ. ಏಪ್ರಿಲ್‌ನಲ್ಲಿ ನೀರು 29 ಡಿಗ್ರಿ ಮುಟ್ಟುವುದು ಮೈಸೂರಿನ ಸೆಕೆಯಿಂದ.

ಸುರಕ್ಷತೆಯ ಬಗ್ಗೆ ಮಾತ್ರ ಯಾವ ರಿಯಾಯಿತಿಯೂ ಬೇಡ. ಲೋಹದ ಮೈಯ ದೀಪ ನೀರಿನ ಮೇಲೆ ತೂಗುತ್ತಿದೆ. ಹೆಚ್ಚಿನ ಫ್ಲಡ್ ಲೈಟುಗಳು ಪ್ಲಗ್ ಇಲ್ಲದೆ ಮೂರು ತಂತಿಗಳೊಂದಿಗೆ ಬರುತ್ತವೆ. ಹಸಿರು ಅಥವಾ ಹಸಿರು ಹಳದಿ ಪಟ್ಟೆಯ ಅರ್ಥಿಂಗ್ ತಂತಿಯನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ ಹಾಕುವವರನ್ನು ನಾನು ನೋಡಿದ್ದೇನೆ, ಅದು ಪ್ರಾಣಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್ಗನ್ನೇ ಹಾಕಿಸಬೇಕು, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಬೇಕು, ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡಬೇಕು. ಹಾಗಿದ್ದರೆ ವೈರಿನ ಗುಂಟ ಹರಿದ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಸೇರುವುದಿಲ್ಲ.

ಇಷ್ಟು ವರ್ಷಗಳಲ್ಲಿ ದೀಪದ ಕಾಂತಿ ಕಣ್ಣಿಗೆ ಗೊತ್ತಾಗುವಷ್ಟು ಇಳಿದಿಲ್ಲ. ತಯಾರಕರು ಹೇಳುವ 25,000 ಗಂಟೆಯ ಆಯುಷ್ಯವನ್ನು ದಿನಕ್ಕೆ ಏಳು ಗಂಟೆಯಂತೆ ಭಾಗಿಸಿದರೆ ಹತ್ತು ವರ್ಷದ ಸಮೀಪ ಬರುತ್ತದೆ. ಹಿಂದೆ ಟ್ಯೂಬ್‌ಲೈಟ್ ಬಳಸುತ್ತಿದ್ದ ಕಾಲದಲ್ಲಿ ಟ್ಯೂಬು ಉರಿಯುತ್ತಿದ್ದರೂ ಬೆಳಕು ಕುಂದುತ್ತದೆಂದು ವರ್ಷಕ್ಕೊಮ್ಮೆ ಬದಲಿಸುತ್ತಿದ್ದೆವು, ಆ ಖರ್ಚು ಈಗಿಲ್ಲ. ನಿಜವಾಗಿ ಬೆಳಕನ್ನು ಕದಿಯುವುದು ಟ್ಯಾಂಕಿನ ಮೇಲಿನ ಮುಚ್ಚಳದ ಗಾಜು. ಕಾವೇರಿ ನೀರಿನ ಬದಲು ಗಡಸಾದ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ, ಗುಳ್ಳೆಗಳು ಒಡೆದು ಸಿಡಿದ ಹನಿಗಳು ಒಣಗಿ ಗಾಜಿನ ಮೇಲೆ ಬಿಳಿಯ ಪದರ ಕಟ್ಟುತ್ತದೆ. ಗಾಜನ್ನು ಹೊರತೆಗೆದು ನಿಂಬೆಹಣ್ಣಿನ ಹೋಳಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ.

ಕೊಳ್ಳುವಾಗ ಒಂದನ್ನು ವಿಚಾರಿಸಲೇಬೇಕು. ತೀರಾ ಅಗ್ಗದ ಫ್ಲಡ್ ಲೈಟುಗಳಲ್ಲಿ ಕರೆಂಟನ್ನು ಹದಗೊಳಿಸಿ ಚಿಪ್‌ಗೆ ಕೊಡುವ ಪ್ರತ್ಯೇಕ ಡ್ರೈವರ್ ಇರುವುದಿಲ್ಲ, ಚಿಪ್‌ಗಳಿರುವ ಹಲಗೆಯ ಮೇಲೆಯೇ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಏರಿಳಿತಕ್ಕೆ ಅವು ಬೇಗ ಸೋಲುತ್ತವೆ, ಕೆಲವು ಮಿನುಗುತ್ತವೆ. ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿದಾಗ ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದರೆ ಅಂಥ ದೀಪ ಬೇಡ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ನೀಲಿ ಬಿಳಿ ಕ್ಲಿಪ್ ದೀಪಗಳು ಮೀನನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಎರಡು ಅಡಿ ಟ್ಯಾಂಕಿನ ತಳದ ಗಿಡಕ್ಕೆ ಅವುಗಳ ಬೆಳಕು ಸಾಲದು. ನೇರಳೆ ಬೆಳಕಿನ ಗ್ರೋ ಲೈಟಿನಲ್ಲಿ ಗಿಡ ಬೆಳೆಯುತ್ತದೆ, ನೋಡುವ ಸುಖ ಹಾಳಾಗುತ್ತದೆ.

ಒಂದು ಅಡಿ ಎತ್ತರದ ಟ್ಯಾಂಕಿನಲ್ಲಿ ಅನುಬಿಯಾಸ್, ಜಾವಾ ಫರ್ನ್, ಮಾಸ್ (ಹಾವಸೆ) ಗಿಡಗಳನ್ನಷ್ಟೇ ಬೆಳೆಸುವವರಿಗೆ ಫ್ಲಡ್ ಲೈಟ್ ಕೂಡ ಬೇಕಾಗಿಲ್ಲ. ಎರಡು ಅಡಿಯ 10 ವ್ಯಾಟ್ ಎಲ್‌ಇಡಿ ಬ್ಯಾಟನ್ ಸುಮಾರು 1000 ಲ್ಯೂಮೆನ್ ಕೊಡುತ್ತದೆ, ಅದೇ ಸಾಕು. ಮೂರು ಅಡಿಯ ಟ್ಯಾಂಕಿಗೆ 50 ವ್ಯಾಟ್‌ನ ಒಂದು ದೀಪದ ಬದಲು 20 ವ್ಯಾಟ್‌ನ ಎರಡನ್ನು ಒಂದೂವರೆ ಅಡಿ ಅಂತರದಲ್ಲಿ ತೂಗುಹಾಕಿದರೆ ಬದಿಗಳ ಗಿಡಗಳಿಗೂ ಬೆಳಕು ಸಿಗುತ್ತದೆ, ಬೇಡವೆನಿಸಿದ ಹೊತ್ತಿನಲ್ಲಿ ಒಂದನ್ನು ಆರಿಸಿಡಲೂ ಬರುತ್ತದೆ.