ತುಮಕೂರಿನ ಲ್ಯಾಬ್‌ಗಳ ‘ಫೀವರ್ ಪ್ಯಾಕೇಜ್’: ಮೊನೊ ಬಂದವರಿಗೆ ಎಷ್ಟು ಉಪಯೋಗ?

ಬಿ.ಎಚ್. ರಸ್ತೆಯಲ್ಲಿ, ಎಸ್.ಎಸ್. ಪುರಂ, ಅಶೋಕನಗರದ ಕಡೆ ಲ್ಯಾಬ್‌ಗಳು ಕೊಡುವ ‘ಫೀವರ್ ಪ್ಯಾಕೇಜ್’ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ: ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್ (ಉರಿಯೂತದ ಸೂಚಕ), ವಿಡಾಲ್ (ಟೈಫಾಯಿಡ್ ಪರೀಕ್ಷೆ), ಮಲೇರಿಯಾ, ಡೆಂಗಿ, ಮೂತ್ರ. ಮಾಮೂಲಿ ಜ್ವರಕ್ಕೆ ಇದು ಸಾಕು. ಆದರೆ ಹಾಸ್ಟೆಲಿನಲ್ಲಿರುವ ಹುಡುಗ ಹುಡುಗಿಯರಿಗೆ ಹತ್ತು ದಿನವಾದರೂ ಇಳಿಯದ ಜ್ವರ, ಎಂಜಲು ನುಂಗಲೂ ಆಗದ ಗಂಟಲು, ಕುತ್ತಿಗೆಯ ಹಿಂಬದಿ ಗಂಟು, ಎದ್ದು ಕೂರಲಾಗದ ಸುಸ್ತು ಒಟ್ಟಿಗೆ ಬಂದರೆ ಅದು ಎಪ್‌ಸ್ಟೀನ್-ಬಾರ್ ವೈರಸ್ (ಇಬಿವಿ) ತರುವ ಮೊನೊ (ಮೊನೊನ್ಯೂಕ್ಲಿಯೋಸಿಸ್) ಎಂಬ ಕಾಯಿಲೆ ಇರಬಹುದು. ಪ್ಯಾಕೇಜಿನಲ್ಲಿ ಅದಕ್ಕೆಂದು ಒಂದು ಪರೀಕ್ಷೆಯೂ ಇಲ್ಲ.

ಇಲ್ಲದಿರುವುದಕ್ಕಿಂತ ಇರುವುದೇ ಹೆಚ್ಚು ದಾರಿ ತಪ್ಪಿಸುತ್ತದೆ. ಒಂದೇ ಸಲ ಮಾಡಿದ ವಿಡಾಲ್ ನಂಬುವಂಥದ್ದಲ್ಲ. ಹಿಂದೆಂದೋ ಟೈಫಾಯಿಡ್ ಬಂದುಹೋದವರಲ್ಲೂ ಅದು ಪಾಸಿಟಿವ್ ಬರುತ್ತದೆ. ಮೊನೊದಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಇಳಿಯುವುದುಂಟು, ಅದನ್ನು ನೋಡಿ ಮನೆಯವರು ಡೆಂಗಿ ಎಂದು ಗಾಬರಿಯಾಗುತ್ತಾರೆ. ಟಾನ್ಸಿಲ್ ಮೇಲೆ ಬಿಳಿ ಪೊರೆ ಕಂಡು ಅಮಾಕ್ಸಿಸಿಲಿನ್ ಶುರುವಾದರೆ ಮೈತುಂಬ ಕೆಂಪು ದದ್ದು ಏಳಬಹುದು. ದದ್ದು ಎದ್ದ ಮಾತ್ರಕ್ಕೆ ಪೆನ್ಸಿಲಿನ್ ಅಲರ್ಜಿ ಎಂದು ಜೀವಮಾನವಿಡೀ ಬರೆದಿಟ್ಟುಕೊಳ್ಳಬೇಡಿ. ಮಾತ್ರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಈ ಪ್ಯಾಕೇಜಿನಲ್ಲಿ ಮೊನೊ ಸುಳಿವು ಸಿಗುವುದು ಸಿಬಿಸಿಯಲ್ಲಿ ಮಾತ್ರ. ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬ ಬಗೆ 50% ದಾಟಿದ್ದರೆ ಅಲ್ಲಿಗೇ ಬಿಡದೆ ‘ಪೆರಿಫೆರಲ್ ಸ್ಮಿಯರ್ ಮಾಡಿ’ ಎಂದು ಕೇಳಿ. ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಸ್ಮಿಯರ್. ಕಣ ಎಣಿಸುವ ಯಂತ್ರಕ್ಕೆ ಅನುಮಾನ ಬಂದರೆ ಒಂದು ಫ್ಲ್ಯಾಗ್ (ಎಚ್ಚರಿಕೆ ಗುರುತು) ಹಾಕುತ್ತದೆ, ಅಷ್ಟೆ. ಗುರುತು ಹಿಡಿಯಲು ಕಣ್ಣೇ ಬೇಕು. ಮಾಮೂಲಿ ಲಿಂಫೋಸೈಟ್ ಪುಟ್ಟದಾಗಿ ಗುಂಡಗಿರುತ್ತದೆ, ಬಹುಪಾಲು ಕಡುನೇರಳೆ ನ್ಯೂಕ್ಲಿಯಸ್ಸೇ. ಮೊನೊದಲ್ಲಿ ಅದು ಊದಿಕೊಂಡು, ತೆಳುನೀಲಿ ಸೆರಗು ಹರಡಿಕೊಂಡು, ಪಕ್ಕದ ಕೆಂಪು ಕಣಗಳನ್ನು ಬಳಸಿ ಅಪ್ಪಿಕೊಂಡಂತೆ ಕಾಣುತ್ತದೆ. ತಾಗಿದ ಅಂಚಿನಲ್ಲಿ ನೀಲಿ ಕಡುವಾಗಿರುತ್ತದೆ. ಇಂಥ ಕಣಗಳು ಒಟ್ಟು ಬಿಳಿ ಕಣಗಳಲ್ಲಿ 10% ದಾಟಿದರೆ ಮೊನೊ ಅನುಮಾನ ಗಟ್ಟಿ. ಡೆಂಗಿಯಲ್ಲೂ ಒಂದಿಷ್ಟು ಕಾಣುವುದರಿಂದ ಇದೇ ಕೊನೆಯ ಮಾತಲ್ಲ. ಪೆಥಾಲಜಿಸ್ಟ್ ಸ್ವತಃ ಸ್ಲೈಡ್ ನೋಡುವ ಲ್ಯಾಬ್ ಚಿಕ್ಕದಾಗಿದ್ದರೂ ಪರವಾಗಿಲ್ಲ, ಅಲ್ಲಿಗೇ ಹೋಗಿ.

ಮನೆಗೆ ಬಂದು ಸ್ಯಾಂಪಲ್ ತೆಗೆಯುವ ಸೇವೆ ಎದ್ದೇಳಲಾಗದವರಿಗೆ ದೊಡ್ಡ ಅನುಕೂಲ. ಆದರೆ ಸ್ಮಿಯರ್ ಕೆಡುವುದೂ ಇಲ್ಲೇ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಬಹಳ ಹೊತ್ತು ಕೂತರೆ ಕಣಗಳಲ್ಲಿ ಗುಳ್ಳೆ ಏಳುತ್ತವೆ, ನ್ಯೂಕ್ಲಿಯಸ್ ಆಕಾರಗೆಡುತ್ತದೆ, ಸರಿಯಾದ ಕಣವೂ ವಿಚಿತ್ರವಾಗಿ ಕಾಣುತ್ತದೆ. ನಾಲ್ಕು ಗಂಟೆಯೊಳಗೆ ಸ್ಲೈಡ್ ಎಳೆಯಬೇಕು. ಹತ್ತು ಮನೆ ಸುತ್ತಿ ಮಧ್ಯಾಹ್ನ ಲ್ಯಾಬ್ ಸೇರುವ ಬೈಕಿಗೆ ಈ ಟ್ಯೂಬ್ ಕೊಡಬೇಡಿ. ‘ನಮ್ಮದು ಕೊನೆಯ ಮನೆಯಾಗಲಿ’ ಎಂದು ಬುಕ್ ಮಾಡುವಾಗಲೇ ಹೇಳಿ.

ಮೊನೊಗೆಂದೇ ಇರುವ ರಕ್ತಪರೀಕ್ಷೆ ಮೊನೊಸ್ಪಾಟ್ ಅಗ್ಗ, ಬೇಗ ಆಗುತ್ತದೆ. ಆದರೆ ಮೊದಲ ವಾರದಲ್ಲಿ ಕಾಯಿಲೆ ಇದ್ದವರಲ್ಲೂ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೆಗೆಟಿವ್ ಬರುತ್ತದೆ, ಪುಟ್ಟ ಮಕ್ಕಳಲ್ಲಿ ಇನ್ನೂ ಹೆಚ್ಚು. ಅನುಮಾನ ಉಳಿದರೆ ಇಬಿವಿ ಪ್ಯಾನೆಲ್ (ಈ ವೈರಸ್ ವಿರುದ್ಧದ ಪ್ರತಿಕಾಯಗಳ ಪರೀಕ್ಷೆ) ಮಾಡಿಸಿ. ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ ರಿಪೋರ್ಟ್ ಯಾವತ್ತು ಬರುತ್ತದೆ ಎಂದು ಮೊದಲೇ ಕೇಳಿ. ಅದರಲ್ಲಿ ವಿಸಿಎ ಐಜಿಎಂ (ಬೇಗ ಏಳುವ ಪ್ರತಿಕಾಯ) ಪಾಸಿಟಿವ್, ಇಬಿಎನ್‌ಎ ಐಜಿಜಿ (ತಡವಾಗಿ ಏಳುವ ಪ್ರತಿಕಾಯ) ನೆಗೆಟಿವ್ ಇದ್ದರೆ ಈಗಿನ ಸೋಂಕು. ಇಬಿಎನ್‌ಎ ಪಾಸಿಟಿವ್ ಆಗಲು ಕಾಯಿಲೆ ಶುರುವಾದ ಮೇಲೆ ತಿಂಗಳುಗಳು ಬೇಕು. ಹೊಸ ಜ್ವರದಲ್ಲಿ ಅದು ಪಾಸಿಟಿವ್ ಇದ್ದರೆ ಇಬಿವಿ ಹಿಂದೆಯೇ ಬಂದುಹೋಗಿದೆ, ಈ ಜ್ವರಕ್ಕೆ ಬೇರೆ ಕಾರಣ ಹುಡುಕಬೇಕು. ‘ಇಬಿವಿ ಐಜಿಜಿ ಪಾಸಿಟಿವ್’ ಎಂಬ ಒಂದೇ ಸಾಲಿನ ರಿಪೋರ್ಟಿಗೆ ದುಡ್ಡು ಕೊಡಬೇಡಿ. ದೊಡ್ಡವರಲ್ಲಿ ಹೆಚ್ಚಿನವರಿಗೆ ಅದು ಪಾಸಿಟಿವ್ವೇ.

ಮೊನೊ ಲಿವರ್‌ಗೂ ತಾಗುವುದರಿಂದ ಎಸ್‌ಜಿಪಿಟಿ ಎಂಬ ಲಿವರ್ ಪರೀಕ್ಷೆ ಸೇರಿಸಿಕೊಳ್ಳಿ. ಏರಿದ್ದರೆ ಪ್ಯಾರಸಿಟಮಾಲ್ ಎಷ್ಟು ನುಂಗಬಹುದು ಎಂದು ವೈದ್ಯರನ್ನೇ ಕೇಳಬೇಕು.

ಜೊತೆಗೆ ಮಾರುವ ಹೊಟ್ಟೆ ಸ್ಕ್ಯಾನಿಂಗ್ ಎಲ್ಲರಿಗೂ ಬೇಕಿಲ್ಲ. ಮೊನೊದಲ್ಲಿ ಊದಿದ ಗುಲ್ಮ (ಸ್ಪ್ಲೀನ್) ಒಡೆಯುವ ಅಪಾಯವಿರುವುದರಿಂದ, ಅದು ಊದಿದೆ ಎಂದೇ ತಿಳಿದು ಕನಿಷ್ಠ ಮೂರು ವಾರ ಆಟ ಬಿಡಿ. ಕಬಡ್ಡಿ, ಜಿಮ್ ಆದರೆ ನಾಲ್ಕು. ಗ್ಯಾಸ್ ಸಿಲಿಂಡರ್, 20 ಲೀಟರ್ ಕ್ಯಾನ್ ಎತ್ತಬೇಡಿ. ಎಡ ಪಕ್ಕೆಯ ಕೆಳಗೆ ಅಥವಾ ಎಡ ಭುಜಕ್ಕೆ ಇದ್ದಕ್ಕಿದ್ದಂತೆ ನೋವು, ತಲೆ ಸುತ್ತು ಬಂದರೆ ಲ್ಯಾಬಿಗಲ್ಲ, ನೇರ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಉಸಿರೆಳೆಯುವಾಗ ಗೊರ ಗೊರ ಸದ್ದು, ಗುಟುಕು ನೀರೂ ಇಳಿಯದ ಸ್ಥಿತಿಗೂ ಇದೇ ಮಾತು.

ಜ್ವರ ಬಿಟ್ಟ ಮೇಲೆ ಸುಸ್ತು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಆಗ ಲ್ಯಾಬಿನವರು ‘ಫುಲ್ ಬಾಡಿ ಚೆಕಪ್’ ಎನ್ನುತ್ತಾರೆ. ಇಬಿವಿ ಪ್ಯಾನೆಲ್ ಮತ್ತೆ ಮಾಡಿಸಿದರೆ ಗುಣವಾಯಿತೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ. ಮೊದಲ ರಿಪೋರ್ಟಿನಲ್ಲಿ ಕೆಟ್ಟಿದ್ದ ಸಿಬಿಸಿ, ಎಸ್‌ಜಿಪಿಟಿ ಎರಡನ್ನೇ ಒಂದು ತಿಂಗಳ ಮೇಲೆ ಮಾಡಿಸಿ. ಉಳಿದ ದುಡ್ಡು ಎಳನೀರಿಗೆ, ರಾಗಿ ಗಂಜಿಗೆ ಇರಲಿ.