ಮೊಗ್ರಾಲ್ ಹೊಳೆ ಬದಿಯ ಶೆಡ್ಡಿನಲ್ಲಿ ಭಾವನ ಜೆಟ್ ಬೋಟು

ಮೊಗ್ರಾಲ್ ಹೊಳೆ ಬದಿಯಲ್ಲಿ, ತೆಂಗಿನ ತೋಟದ ಒಳಗೆ, ಬೋರ್ಡಿಲ್ಲದ ಒಂದು ದೋಣಿ ರಿಪೇರಿ ಶೆಡ್ ಇದೆ. ಮೀನುಗಾರರ ಫೈಬರ್ ದೋಣಿಗಳೇ ಅವರ ದಿನನಿತ್ಯದ ಕೆಲಸ. ನನ್ನ ಭಾವನ ಹಳೆಯ ಜೆಟ್ ಬೋಟನ್ನು (ಪಂಪಿನಿಂದ ಹಿಂದಕ್ಕೆ ನೀರು ಚಿಮ್ಮಿಸಿ ಓಡುವ ಬೋಟು) ಅಲ್ಲಿ ಕೊಟ್ಟಿದ್ದೆ. ಹನ್ನೊಂದು ತಿಂಗಳ ಮೇಲೆ ಅದು ನೀರಿಗಿಳಿಯಿತು. ಕಾಸರಗೋಡು, ಮಂಗಳೂರು ಕಡೆ ಹಳೆಯ ಬೋಟನ್ನು ಎಲ್ಲಿ ಕೊಡುವುದು ಅಂತ ಹುಡುಕುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಭಾವ ದುಬೈಯಲ್ಲಿದ್ದರು. 1994ರಲ್ಲಿ ಈ ಬೋಟನ್ನು ಹಡಗಿನಲ್ಲಿ ತರಿಸಿ, ಎರಡು ವರ್ಷ ಶಿರಿಯ ಹೊಳೆಯಲ್ಲಿ ಓಡಿಸಿದರು. ಆಮೇಲೆ ಎಂಜಿನ್ ಕೈಕೊಟ್ಟಿತು. ಬೋಟು ಅಡಿಕೆ ಶೆಡ್ಡಿನ ಮೂಲೆಯಲ್ಲಿ ಮಡಲಿನ ಕೆಳಗೆ ಉಳಿಯಿತು. ಭಾವ ತೀರಿಕೊಂಡ ಮೇಲೆ ಅಕ್ಕ, "ಗುಜರಿಗೆ ಕೊಡುವುದಾ ಬೇಡವಾ, ನೀನೇ ನೋಡು" ಅಂದಳು.

ನನಗೆ ಮನಸ್ಸು ಬರಲಿಲ್ಲ. 1977ರಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದೆ. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ಆ ವರ್ಷ ಮೂರು ಜೆಟ್ ಬೋಟು ತೆಗೆದುಕೊಂಡು ಸಮುದ್ರದ ಕಡೆಯಿಂದ ಗಂಗೆಯಲ್ಲಿ ಮೇಲಕ್ಕೆ ಹೋದರು. ಗಂಗಾ, ಕಿವಿ, ಏರ್ ಇಂಡಿಯಾ ಅಂತ ಬೋಟುಗಳ ಹೆಸರು. ನಂದಪ್ರಯಾಗದ ಹತ್ತಿರ ಜಲಪಾತ ಅಡ್ಡ ಬರುವ ತನಕ ಹೋಗಿದ್ದರು. ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದೆ. ತಳದಲ್ಲಿ ಪ್ರೊಪೆಲರ್ ಇಲ್ಲದ ಬೋಟು, ಕಲ್ಲು ತುಂಬಿದ ಹೊಳೆಯಲ್ಲೂ ಹೋಗುವ ಬೋಟು. ಅಂಥದ್ದೇ ಒಂದು ನಮ್ಮ ಮನೆಯಲ್ಲೇ ಇರುವಾಗ ಗುಜರಿಗೆ ಹೇಗೆ ಕೊಡುವುದು?

ಮೊದಲು ಪೇಟೆಯ ಒಂದು ಗ್ಯಾರೇಜಿನವರನ್ನು ಕರೆಸಿದೆ. ಅವರು ಮಡಲು ಸರಿಸಿ ಐದು ನಿಮಿಷ ನೋಡಿದರು. ಒಳಗಿನದ್ದೆಲ್ಲ ಕಿತ್ತು ಬಿಸಾಡಿ, ಹಿಂದೆ ಔಟ್‌ಬೋರ್ಡ್ ಮೋಟರ್ ಕೂರಿಸಿ ಅಂದರು. ಇದು ಯಾವ ಬೋಟು, ಯಾವ ಕಾಲದ್ದು ಅಂತ ಒಂದು ಮಾತೂ ಕೇಳಲಿಲ್ಲ.

ಮೊಗ್ರಾಲ್ ಶೆಡ್ಡಿನ ಕಾಕ (ಹಿರಿಯರನ್ನು ಇಲ್ಲಿ ಹಾಗೆ ಕರೆಯುವುದು) ಮಾಡಿದ್ದು ಬೇರೆ. ಅವರು ಹದಿನೆಂಟು ವರ್ಷ ಶಾರ್ಜಾದಲ್ಲಿ ಬೋಟ್ ಯಾರ್ಡಿನಲ್ಲಿ ದುಡಿದವರು. ಬಂದವರು ಸ್ಪ್ಯಾನರ್ ಮುಟ್ಟಲೇ ಇಲ್ಲ. "ಮಾಷ್ಟ್ರೇ, ಇದು ಯಾರ ಮಗ ಅಂತ ಮೊದಲು ಗೊತ್ತಾಗಲಿ" ಅಂದರು. ಬೋಟಿನ ಹಿಂಬದಿ ಹಲಗೆಯ ಬಲ ಮೇಲ್ಮೂಲೆಗೆ ನೀರು ಹಾಕಿ, ನಯವಾದ ಮರಳು ಕಾಗದದಿಂದ ಮೆಲ್ಲ ಉಜ್ಜಿದರು. ಮೇಲೆ ನೀಲಿ, ಅದರ ಕೆಳಗೆ ಬಿಳಿ, ಅದರ ಕೆಳಗೆ ಕಿತ್ತಳೆ ಬಣ್ಣ. ಕಿತ್ತಳೆಯೇ ಮೂಲದ್ದು. ಅದರಲ್ಲಿ ಉಗುರಿಗೆ ಸಿಗುವಷ್ಟು ಗುಂಡಿ ಬಿದ್ದ ಅಕ್ಷರಗಳಿದ್ದವು. ಸೀಮೆಸುಣ್ಣದ ಪುಡಿ ಸವರಿದಾಗ ಎದ್ದು ಕಂಡವು. ಎಣಿಸಿದರೆ ಹನ್ನೆರಡು.

ಅಮೆರಿಕದಲ್ಲಿ 1972ರ ನವೆಂಬರ್ 1ರ ನಂತರ ಕಟ್ಟಿದ ಬೋಟುಗಳಿಗೆ ಈ ಹನ್ನೆರಡು ಅಕ್ಷರದ ನಂಬರ್ ಕಡ್ಡಾಯ. ಮೊದಲ ಮೂರು ಕಟ್ಟಿದ ಕಂಪನಿಯ ಗುರುತು, ನಡುವಿನ ಐದು ಬೋಟಿನ ಕ್ರಮಸಂಖ್ಯೆ, ಕೊನೆಯ ನಾಲ್ಕು ತಾರೀಕು. ನಮ್ಮ ಬೋಟಿನ ಕೊನೆಯ ನಾಲ್ಕು, ಎಂ76ಸಿ. ಇದನ್ನು 1976ರ ಮಾರ್ಚ್ ಅಂತ ಓದಿದ್ದೆ. ಕಾಕ ತಿದ್ದಿದರು. ಎಂ ಇದ್ದರೆ ಅದು ಮಾಡೆಲ್ ವರ್ಷ, ಅದರ ಲೆಕ್ಕ ಆಗಸ್ಟಿನಿಂದ ಶುರು. ಎ ಅಂದರೆ ಆಗಸ್ಟ್, ಬಿ ಸೆಪ್ಟೆಂಬರ್, ಸಿ ಅಕ್ಟೋಬರ್. ಹಾಗಾಗಿ 1976ರ ಮಾಡೆಲ್, ಕಟ್ಟಿದ್ದು 1975ರ ಅಕ್ಟೋಬರಿನಲ್ಲಿ. ಭಾವ ಯಾವಾಗಲೂ "ಎಂಬತ್ತರ ನಂತರದ್ದು" ಅನ್ನುತ್ತಿದ್ದರು. ಮಾರಿದವರು ಅವರಿಗೆ ಹಾಗೆ ಹೇಳಿರಬೇಕು. ಆ ಮಧ್ಯಾಹ್ನ ಅವರು ಪಕ್ಕದಲ್ಲಿ ಇರಬೇಕಿತ್ತು ಅಂತ ತುಂಬಾ ಅನ್ನಿಸಿತು.

ಎಂಜಿನ್ ಗುರುತಿಸುವುದು ಇನ್ನೂ ನಾಜೂಕಿನ ಕೆಲಸ. ಬ್ಲಾಕಿನ ಮೇಲೆ ಡಿ1ವಿಇ ಅಂತ ಎರಕದ ಅಕ್ಷರ ಸಿಕ್ಕಿತು. ಫೋರ್ಡಿನ ಲೆಕ್ಕದಲ್ಲಿ ಡಿ ಅಂದರೆ ಎಪ್ಪತ್ತರ ದಶಕ, 1 ಅಂದರೆ 1971. ಆದರೆ ಅದು ಆ ಬ್ಲಾಕಿನ ವಿನ್ಯಾಸದ ವರ್ಷ ಅಷ್ಟೇ, ಎಂಜಿನ್ ಮಾಡಿದ ವರ್ಷ ಅಲ್ಲ. ಅದೂ ಅಲ್ಲದೆ ಫೋರ್ಡಿನ 429 ಮತ್ತು 460 ಅನ್ನುವ ಎರಡು ಎಂಜಿನ್ನಿಗೂ ಅದೇ ಬ್ಲಾಕು, ಎರಡಕ್ಕೂ 4.36 ಇಂಚಿನ ಬೋರು, ಅಂದರೆ ಸಿಲಿಂಡರಿನ ಅಗಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಪಿಸ್ಟನ್ ಎಷ್ಟು ದೂರ ಏರಿಳಿಯುತ್ತದೆ ಅಂತ ಅಳೆಯಲೇಬೇಕು. 429ಕ್ಕೆ 3.59 ಇಂಚು, 460ಕ್ಕೆ 3.85 ಇಂಚು. ಹೆಡ್ ಬಿಚ್ಚಿದ ದಿನ ಕಾಕ ನನ್ನ ಕೈಗೇ ವರ್ನಿಯರ್ ಕೊಟ್ಟರು. ಮೂವತ್ತು ವರ್ಷ ಮಕ್ಕಳಿಗೆ ವರ್ನಿಯರ್ ಓದಲು ಕಲಿಸಿದ್ದೇನೆ, ಆವತ್ತು ಮೂರು ಸಲ ಅಳೆದೆ. ಮೂರು ಸಲವೂ 97.8 ಮಿಲಿಮೀಟರ್. 460ವೇ, ಏಳೂವರೆ ಲೀಟರಿನ ವಿ8. ಇದು ತಪ್ಪಿದ್ದರೆ ತರಿಸಿದ ಪಿಸ್ಟನ್ನೆಲ್ಲ ದಂಡ ಆಗುತ್ತಿತ್ತು.

ಜೆಟ್ ಪಂಪಿನ ಪ್ಲೇಟಿನಲ್ಲಿ ಬರ್ಕ್ಲಿ ಅಂತಿತ್ತು, 12ಜೆ ಮಾದರಿ. ಕ್ಯಾಲಿಫೋರ್ನಿಯಾದ ಈ ಕಂಪನಿ ತೋಟಕ್ಕೆ ನೀರು ಹಾಯಿಸುವ ಪಂಪು ಮಾಡುವುದಕ್ಕೂ ಹೆಸರಾದದ್ದು. ಬಿಚ್ಚಿದಾಗ ನಮ್ಮ ಅಡಿಕೆ ತೋಟದ ಪಂಪಿನ ಅಣ್ಣನನ್ನೇ ನೋಡಿದ ಹಾಗಾಯಿತು. ಅದೇ ಇಂಪೆಲ್ಲರ್ (ನೀರು ತಳ್ಳುವ ಚಕ್ರ), ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಅದೇ ಗ್ಲ್ಯಾಂಡ್ ಹಗ್ಗ. ಇಂಪೆಲ್ಲರ್ ಸುತ್ತ ಇರುವ ವೇರ್ ರಿಂಗ್ ಸವೆದು ಒಂದೂವರೆ ಮಿಲಿಮೀಟರ್ ಸಂದಿ ಬಿದ್ದಿತ್ತು. ಇರಬೇಕಾದದ್ದು ಕಾಲು ಮಿಲಿಮೀಟರಿನ ಆಸುಪಾಸು. ಅಷ್ಟು ಸಂದಿ ಬಿದ್ದರೆ ನೀರು ಒಳಗೇ ಹಿಂದಕ್ಕೆ ಸೋರುತ್ತದೆ, ಎಂಜಿನ್ ಕೂಗುತ್ತದೆ, ಬೋಟು ಮಾತ್ರ ಓಡುವುದಿಲ್ಲ. ಮಂಗಳೂರಿನ ಲೇತಿನಲ್ಲಿ ಕಂಚಿನ ರಿಂಗ್ ಕಡೆಸಿ ತಂದರು. ಗ್ಲ್ಯಾಂಡನ್ನು ನಾನು ಪೂರ್ತಿ ಬಿಗಿ ಮಾಡಲು ಹೋದಾಗ ಕಾಕ ಕೈ ಹಿಡಿದರು. ಹನಿ ಹನಿಯಾಗಿ ನೀರು ಬೀಳುತ್ತಲೇ ಇರಬೇಕು, ಆ ಹನಿಯೇ ಶಾಫ್ಟಿಗೆ ತಂಪು. ತೋಟದ ಪಂಪಿಗೂ ಹಾಗೇ ಅಲ್ವಾ.

ಮರದ ಕೆಲಸಕ್ಕೆ ಪೂರ್ತಿ ಮಾರ್ಕು. ಕಾಕ ಸಣ್ಣ ಸುತ್ತಿಗೆಯಿಂದ ತಳವನ್ನೆಲ್ಲ ತಟ್ಟುತ್ತಾ ಹೋದರು, ಎಳನೀರಾ ಬಲಿತದ್ದಾ ಅಂತ ತೆಂಗಿನಕಾಯಿ ತಟ್ಟಿ ನೋಡುವ ಹಾಗೆ. ಟಣ್ ಅಂದರೆ ಗಟ್ಟಿ. ದಬ್ ಅಂದಲ್ಲಿ ಚಾಕ್‌ಪೀಸ್ ಗುರುತು. ಫೈಬರ್ ಕತ್ತರಿಸಿದಾಗ ಒಳಗಿನ ಮರ ಒದ್ದೆ ಕಾಫಿಪುಡಿಯ ಹಾಗೆ ಕೈಗೆ ಬಂತು. ಉದ್ದದ ತೊಲೆಗಳಿಗೆ ಒಣಗಿದ ಹೆಬ್ಬಲಸು, ಹಿಂಬದಿ ಹಲಗೆಗೆ ಮರೈನ್ ಪ್ಲೈ ಹಾಕಿದರು. ಬೋಲ್ಟಿನ ಪ್ರತಿ ತೂತಿನೊಳಗೂ ರೆಸಿನ್ (ಫೈಬರಿಗೆ ಹಾಕುವ ಅಂಟು) ಸವರಿದರು. ಮೊದಲು ನೀರು ಒಳಗೆ ಹೋದದ್ದೇ ಅಲ್ಲಿಂದ.

ಇನ್ನು ಬೇಸರದ ವಿಷಯ. ಜೂನ್ ಮೊದಲ ವಾರ ಬೋಟ್ ಕೊಟ್ಟದ್ದು ದೊಡ್ಡ ತಪ್ಪು. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ, 52 ದಿನ ಟ್ರಾಲಿಂಗ್ ನಿಷೇಧ. ಮೀನುಗಾರರು ರಿಪೇರಿಗೆ ಬರುವುದು ಆಗಲೇ. ಅವರ ಹೊಟ್ಟೆಪಾಡಿನ ಕೆಲಸ ಮೊದಲಾಗಬೇಕು, ಅದು ನ್ಯಾಯವೇ. ಮಳೆಯ ತೇವಕ್ಕೆ ರೆಸಿನ್ ಕೂಡ ಸರಿ ಗಟ್ಟಿಯಾಗುವುದಿಲ್ಲ. ಆದರೆ ಇದನ್ನು ಮೊದಲೇ ಹೇಳಬಹುದಿತ್ತು. ಎರಡು ತಿಂಗಳು ಬೋಟು ಟಾರ್ಪಾಲಿನ ಕೆಳಗೆ ಸುಮ್ನೆ ಬಿದ್ದಿತ್ತು, ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಕೊಡುವವರು ನವೆಂಬರಿನಲ್ಲಿ ಕೊಡಿ.

ವಯರಿಂಗ್ ಅಲ್ಲಿ ಮಾಡಿಸಬೇಡಿ. ಮನೆಗೆ ಹಾಕುವ ವಯರನ್ನೇ ಎಳೆದಿದ್ದರು, ಎರಡು ತಿಂಗಳಲ್ಲಿ ತುದಿಗಳೆಲ್ಲ ಹಸಿರಾದವು. ತವರ ಲೇಪಿಸಿದ ವಯರ್ ತರಿಸಿ ಬೇರೆ ಕಡೆ ಮಾಡಿಸಿದೆ. ಬಿಲ್ ಕೊಡುವುದಿಲ್ಲ, ನೋಟ್‌ಪುಸ್ತಕದ ಹಾಳೆಯಲ್ಲಿ ಬರೆದು ಕೊಡುತ್ತಾರೆ. ಆದರೆ ಲೆಕ್ಕ ರೂಪಾಯಿ ರೂಪಾಯಿ ಸರಿ ಇತ್ತು. ಮರ, ಫೈಬರಿಗೆ 62,000, ಪಂಪಿಗೆ 18,500. ಎಂಜಿನ್ನಿಗೆ ಹೊರಗಿನಿಂದ ತರಿಸಿದ ಸಾಮಾನೇ ಜಾಸ್ತಿ, ಅದು ಅವರ ಲೆಕ್ಕಕ್ಕೆ ಸೇರುವುದಿಲ್ಲ. ರಿಜಿಸ್ಟ್ರೇಷನ್ನಿಗೆ ನಾವೇ ಓಡಾಡಬೇಕು.

ನೀರಿಗಿಳಿಸಿದ ದಿನ ಅಕ್ಕನ ಮಗ ಸ್ಟಿಯರಿಂಗ್ ಹಿಡಿದ. ಕಾಕ ಅವನಿಗೆ ಒಂದೇ ಮಾತನ್ನು ನಾಲ್ಕು ಸಲ ಹೇಳಿದರು: "ಎದುರು ಏನಾದರೂ ಬಂದರೆ ಆಕ್ಸಿಲರೇಟರ್ ಪೂರ್ತಿ ಬಿಡಬೇಡ ಮೋನೇ. ಇದಕ್ಕೆ ಚುಕ್ಕಾಣಿ ಇಲ್ಲ. ಹಿಂದಿನಿಂದ ನೀರು ಚಿಮ್ಮಿದರೆ ಮಾತ್ರ ತಿರುಗುತ್ತದೆ." ಜೆಟ್ ಬೋಟ್ ಓಡಿಸುವವರು ಮೊದಲು ಕಲಿಯಬೇಕಾದದ್ದು ಇದೇ. ಕಾರಿನ ಅಭ್ಯಾಸದಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬೋಟು ನೆಟ್ಟಗೆ ಹೋಗಿ ದಡಕ್ಕೆ ಹೊಡೆಯುತ್ತದೆ.

ಹೊಳೆಯ ಬಾಯಿ ಹತ್ತಿರ ನೀರು ಉಪ್ಪು. ಎಂಜಿನ್ ತಂಪಾಗುವುದೂ ಅದೇ ನೀರಿನಿಂದ. ಹಾಗಾಗಿ ಪ್ರತಿ ಸಲ ಮನೆಗೆ ತಂದ ಕೂಡಲೇ ಬಾವಿ ನೀರು ಬಿಟ್ಟು ಹತ್ತು ನಿಮಿಷ ಎಂಜಿನ್ ತೊಳೆಯುತ್ತೇವೆ. ಪೈಪು ಹಿಡಿದು ನಿಲ್ಲುವುದು ಅಕ್ಕ. ಬೇರೆ ಯಾರಿಗೂ ಆ ಕೆಲಸ ಕೊಡುವುದಿಲ್ಲ. ಕಿತ್ತಳೆ ಬಣ್ಣವನ್ನೇ ಹೊಡೆಸಿದ್ದೇವೆ. ನಂಬರ್ ಇರುವ ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗ ಮಾತ್ರ 1975ರ ಹಳೆಯ ಬಣ್ಣದಲ್ಲೇ ಬಿಟ್ಟಿದ್ದೇವೆ.